ಬ್ರೆಡ್ಡಿನ ವ್ಯಾನಿನ ಹಿಂದೆ

ಆ ಬೀದಿಯಲ್ಲಿ ಮನುಷ್ಯರನ್ನು ಅವರವರ ಗಾಡಿಯ ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದರು. ಮೂಲೆಮನೆಯ ದರ್ಜಿಯ ಸೈಕಲ್ಲಿನ ಚೈನು ಕಿರುಗುಟ್ಟಿತೆಂದರೆ ಅಂಗಡಿ ಬಾಗಿಲು ತೆರೆಯುವ ಹೊತ್ತಾಯಿತು. ಎದುರುಮನೆಯ ಮೇಷ್ಟರ ಸ್ಕೂಟರು ಒದ್ದರೆ ಏಳುವ ಪೈಕಿಯದಲ್ಲ, ಬೇಡಿಕೊಂಡರೆ ಏಳುವಂಥದ್ದು. ಮೇಷ್ಟರು ಅದನ್ನು ಓಲೈಸುವ ಮಾತುಗಳನ್ನು ಅವರ ಹೆಂಡತಿ ಕಿಟಕಿಯಲ್ಲಿ ನಿಂತು ಕೇಳಿ, "ನನಗೆ ಒಂದು ದಿನವಾದ್ರೂ ಹೀಗೆ ಹೇಳಿದ್ದುಂಟಾ?" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಇವರೆಲ್ಲರಿಗಿಂತ ಮೊದಲು, ಇನ್ನೂ ಕತ್ತಲಿರುವಾಗಲೇ, ಕೆಮ್ಮಿ ಕ್ಯಾಕರಿಸಿ ಎದ್ದು ಹೊರಡುತ್ತಿದ್ದುದು ಅಚ್ಚಿನಣ್ಣನ ಕಾರು. ಬೀದಿಗೆಲ್ಲ ಅದೊಂದೇ ಕಾರು.

ಅಚ್ಚಿನಣ್ಣ ಕೈತೊಳೆಯುವ ಬೇಸಿನ್ನುಗಳ ಕಾರ್ಖಾನೆಯಲ್ಲಿ ಪ್ಲಾಸ್ಟರಿನ ಅಚ್ಚು ಮಾಡುವವನು. ಅವನ ಅಚ್ಚಿನೊಳಗೆ ಹದವಾದ ನೀರುಮಣ್ಣು ಸುರಿದರೆ ಬೇಸಿನ್ನು ಮೈದಳೆದು ಹೊರಬರುತ್ತಿತ್ತು. ವರ್ಷಗಟ್ಟಲೆ ನುಣುಪು ಹುಡುಕಿದ ಅವನ ಹೆಬ್ಬೆರಳು ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತ ಕೂತಲ್ಲೇ ಮೇಜಿನ ಅಂಚು, ಲೋಟದ ಬಾಯಿ, ಹೆಂಡತಿಯ ಮೊಣಕೈ, ಎಲ್ಲವನ್ನೂ ಸವರಿ ಉಬ್ಬುತಗ್ಗು ನೋಡುತ್ತಿದ್ದ. "ನಾನೇನು ಬೇಸಿನ್ನಾ?" ಎಂದು ಅವಳು ಕೈ ಕೊಡವಿಕೊಳ್ಳುತ್ತಿದ್ದಳು.

ಕಾರ್ಖಾನೆ ಮೊದಲು ಬೀದಿಯ ಹಿಂದೆಯೇ ಇತ್ತು. ಮನೆಯಿಂದ ಹೊರಟವನು ಬೀಡಿ ಹಚ್ಚಿ ಮುಗಿಸುವುದರೊಳಗೆ ಗೇಟು. ಆಮೇಲೆ ಮಾಲೀಕರಿಗೆ ಗುಡ್ಡದಾಚೆ ಅಗ್ಗದ ಜಾಗ ಸಿಕ್ಕಿತು, ಒಳ್ಳೆಯ ಮಣ್ಣೂ ಸಿಕ್ಕಿತು. ಕಾರ್ಖಾನೆ ಅರವತ್ತು ಕಿಲೋಮೀಟರು ಆಚೆಗೆ ಹಾರಿ ಕೂತಿತು. ಸ್ವಲ್ಪ ಕಾಲ ಕಂಪನಿಯ ಬಸ್ಸು ಓಡಿತು. ಜನ ಅದಕ್ಕೆ ಒಗ್ಗಿಕೊಳ್ಳುವ ಹೊತ್ತಿಗೆ ನಿಂತಿತು. ಬೇಸಿನ್ನು ಸುಡುವ ಕುಲುಮೆಗೆ ಬೆಂಕಿ ಹಾಕುವ ಕೆಲಸ ನಸುಕಿಗೇ ಶುರುವಾಗುವುದರಿಂದ ಪಾಳಿಯೂ ಆ ಹೊತ್ತಿಗೇ. ಮಧ್ಯಾಹ್ನ ಬಿಟ್ಟರೆ ಬಿಸಿಲಿರುವಾಗಲೇ ಮನೆ ಸೇರಬಹುದು, ಆದರೆ ಬೆಳಿಗ್ಗೆ ಮೊದಲ ಸರ್ಕಾರಿ ಬಸ್ಸು ಹಿಡಿದರೆ ಗೇಟು ಮುಚ್ಚಿ ಎಷ್ಟೋ ಹೊತ್ತಾದ ಮೇಲೆ ತಲುಪುವುದು. ಹಾಗಾಗಿ ಅಚ್ಚಿನಣ್ಣ ಗಟ್ಟಿ ಮನಸ್ಸು ಮಾಡಿ ಹಲ್ಲಿನ ಡಾಕ್ಟರೊಬ್ಬರ ಹಳೆಯ ಕಾರನ್ನು ಕೊಂಡ.

ಕಾರು ಕೊಂಡವನಿಗೆ ಗೊತ್ತಾಗದೇ ಹೋದದ್ದು ಒಂದೇ. ಕಾರು ಅವನದು, ಸೀಟುಗಳು ಅವನವಲ್ಲ. ಖಾಲಿ ಸೀಟು ಹೊತ್ತುಕೊಂಡು ಹೋಗುವುದೆಂದರೆ ಆ ಜನರಿಗೆ ಉಣ್ಣುವ ತಟ್ಟೆಯನ್ನು ಕಾಲಿಂದ ಒದ್ದಷ್ಟೇ ದೊಡ್ಡ ಸೊಕ್ಕು. ಮೊದಲ ವಾರದಲ್ಲೇ ಮುಂದಿನ ಸೀಟಿಗೆ ಗೇಟು ಮಾವ ಬಂದು ಕೂತ. ಕಾರ್ಖಾನೆಯ ಕಾವಲುಗಾರ ಅವನು. ಗೇಟಿನ ಬೀಗದ ಕೈ ಅವನ ಸೊಂಟದಲ್ಲಿ. ಮಂಡಿ ಮಡಿಸಲಾಗದೆಂಬ ಕಾರಣಕ್ಕೆ ಮುಂದಿನ ಸೀಟು. ಹಿಂದಿನ ಎಡಗಡೆ ಕೂತದ್ದು ಮೆರುಗು ಹಚ್ಚುವ ವಿಭಾಗದ ಒಬ್ಬ ಹೆಂಗಸು. ಆಕೆ ನಿವೃತ್ತಿಯಾಗುವಾಗ ತನ್ನ ಕೆಲಸವನ್ನು ಸೊಸೆಗೆ ಕೊಡಿಸಿ, ಒಡವೆ ದಾಟಿಸುವ ಹಾಗೆ ಕಾರಿನ ಸೀಟನ್ನೂ ದಾಟಿಸಿದಳು. ಆ ಸೊಸೆಯೇ ಈಗಿನ ಮೆರುಗಿನಕ್ಕ. ಬಲಗಡೆಯ ಸೀಟು ಭಾವಮೈದುನನದು, ಪ್ಯಾಕಿಂಗ್ ವಿಭಾಗದವನು. ಹೆಂಡತಿಯ ಜೊತೆ ತವರಿಂದ ಬಂದ ಪಾತ್ರೆಪಗಡೆಯೆಲ್ಲ ಸವೆದು ಹೋಗಿ ತಮ್ಮನೊಬ್ಬ ಮಾತ್ರ ಗಟ್ಟಿಮುಟ್ಟಾಗಿ ಉಳಿದಿದ್ದಾನೆಂದು ಅಚ್ಚಿನಣ್ಣ ತಮಾಷೆ ಮಾಡುತ್ತಿದ್ದ. ಗೇಟು ಮಾವನಂತೂ ತನ್ನ ತರುವಾಯ ಸೀಟು ಅಣ್ಣನ ಮಗನಿಗೆ ಎಂದು ನಾಲ್ಕು ಜನರೆದುರು ಮಾತು ಕೊಟ್ಟುಬಿಟ್ಟಿದ್ದ. ಕಾರಿನವನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಚ್ಚಿನಣ್ಣನಿಗೂ ಅದರಲ್ಲಿ ಒಂದು ಹಮ್ಮಿತ್ತೆನ್ನಿ. ಜ್ವರ ಬಂದರೂ ರಜೆ ಹಾಕದೆ ಓಡಿಸಿದ. ಸ್ಟೀರಿಂಗು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಭಾವಮೈದುನ ಒಮ್ಮೆ ಹಟ ಮಾಡಿ ಕೂತು ದರ್ಜಿಯ ಮನೆಯ ಕಾಂಪೌಂಡು ಗೋಡೆಯನ್ನು ಗುದ್ದಿ ಕೆಡವಿದ ಮೇಲೆ ಆ ಮಾತೇ ಮುಗಿಯಿತು.

ಹೀಗಿರುವಾಗ, ಕಳೆದ ಬೇಸಿಗೆ ಮುಗಿಯುವ ಹೊತ್ತಿಗೆ, ಕಾರಿನ ಮುಂದಿನ ದೀಪ ಮಂಕಾಗುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು. ಬಲ್ಬು ಬದಲಿಸಿದ. ಗಾಜು ಉಜ್ಜಿದ. ಕೊನೆಗೆ ಮೆಕ್ಯಾನಿಕ್ಕು ಗೋಡೆಗೆ ಬೆಳಕು ಬಿಟ್ಟು ನೋಡಿ, "ಇದಕ್ಕಿಂತ ಜಾಸ್ತಿ ಬೇಕಂದ್ರೆ ಸೂರ್ಯನ್ನೇ ಕಟ್ಟಬೇಕು ಯಜಮಾನ್ರೇ. ದೀಪಕ್ಕೇನೂ ಆಗಿಲ್ಲ" ಅಂದ. ದೀಪಕ್ಕಲ್ಲದಿದ್ದರೆ ಇನ್ಯಾವುದಕ್ಕೆ ಎಂದು ಕೇಳಿಕೊಳ್ಳುತ್ತ ಅಚ್ಚಿನಣ್ಣ ಕಣ್ಣಿನ ಆಸ್ಪತ್ರೆಗೆ ಹೋದ.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು, ಕತ್ತಲು ಮಾಡಿ, ಮತ್ತೆ ಬೆಳಕು ಬಿಟ್ಟು ನೋಡಿದರು. "ಹಗಲು ನಿಮಗೆ ಏನೂ ತೊಂದರೆ ಇಲ್ಲ. ಕತ್ತಲಲ್ಲಿ ಮಾತ್ರ ಕಣ್ಣು ಕೆಲಸ ಮಾಡ್ತಿಲ್ಲ. ಇದಕ್ಕೆ ಕನ್ನಡಕ ಬರಲ್ಲ, ಹನಿ ಬರಲ್ಲ. ಕತ್ತಲಲ್ಲಿ ಗಾಡಿ ಮುಟ್ಟಬೇಡಿ" ಎಂದರು.

"ಬೆಳಗಿನ ಜಾವ ಸ್ವಲ್ಪ..." ಎಂದು ಅಚ್ಚಿನಣ್ಣ ಬಾಯಿ ತೆರೆದ.

"ಬೆಳಗಿನ ಜಾವ ಕತ್ತಲಿರುತ್ತೋ ಇಲ್ವೋ?"

"ಇರುತ್ತೆ."

"ಮತ್ತೆ?"

ಮನೆಗೆ ಬಂದು ಹೆಂಡತಿಗೆ, ಕಣ್ಣಿಗೆ ಧೂಳು ಬಿದ್ದಿತ್ತಂತೆ ಎಂದ. ಧೂಳಿನ ಕಾರ್ಖಾನೆಯಲ್ಲಿ ದುಡಿಯುವವನ ಮಾತು, ಅವಳು ನಂಬಿದಳು. ನಿಜ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಕೆಲಸದ ಜೊತೆ ಇನ್ನೂ ಮೂರು ಮನೆಗಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಗುಡ್ಡದ ರಸ್ತೆಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ.

ಉಪಾಯ ತಾನಾಗಿ ಬಂತು. ಬೀದಿಯ ಕೊನೆಯ ಬೇಕರಿಯಿಂದ ಬ್ರೆಡ್ಡಿನ ವ್ಯಾನೊಂದು ಅದೇ ಹೊತ್ತಿಗೆ ಹೊರಟು ಗುಡ್ಡದಾಚೆಯ ಅಂಗಡಿಗಳಿಗೆ ಹೋಗುತ್ತಿತ್ತು. ಅದರ ಬೆನ್ನಿಗೆ ಎರಡು ದೊಡ್ಡ ಕೆಂಪು ದೀಪ. ರಸ್ತೆ ಕಾಣದಿದ್ದರೂ ಆ ಎರಡು ಕೆಂಪು ಚುಕ್ಕೆ ಅಚ್ಚಿನಣ್ಣನಿಗೆ ಕಾಣುತ್ತಿದ್ದವು. ಅವು ಎಡಕ್ಕೆ ವಾಲಿದರೆ ಎಡಕ್ಕೆ ತಿರುಗಿಸುವುದು, ಹತ್ತಿರ ಬಂದರೆ ಬ್ರೇಕು ಒತ್ತುವುದು. ಹೀಗೆ ಕಂದ ಅಮ್ಮನ ಸೆರಗು ಹಿಡಿದ ಹಾಗೆ ಅವನು ಆ ವ್ಯಾನನ್ನು ಹಿಡಿದ. ಅದು ಹೊರಡುವ ತನಕ ಏನಾದರೂ ನೆಪ ತೆಗೆದು ಬೀದಿಯಲ್ಲೇ ಕಾಯುತ್ತಿದ್ದ. ಟೈರು ಒದ್ದು ನೋಡುವುದು, ಗಾಜು ಒರೆಸುವುದು.

"ಭಾವ, ಅದನ್ನ ದಾಟಿ ಹೋಗಬಾರದಾ? ದಿನಾ ಬ್ರೆಡ್ಡಿನ ವಾಸನೆ ಕುಡಿದೂ ಕುಡಿದೂ ಹೊಟ್ಟೆಯಲ್ಲಿ ಇಲಿ ಓಡ್ತಿದೆ" ಎಂದು ಭಾವಮೈದುನ ರಾಗ ಎಳೆಯುತ್ತಿದ್ದ.

"ಅವಸರ ಮಾಡಿ ಏನು ಗುಡ್ಡ ಕಡಿಯೋದಿದೆ?"

"ಮೊದಲೆಲ್ಲ ಹಾರಿಸ್ಕೊಂಡು ಹೋಗ್ತಿದ್ದೆ. ಈಗ ದಿಬ್ಬಣದ ಗಾಡಿ ಥರ ಹೋಗ್ತೀಯ."

"ನಿನ್ನಂಥ ಮದುಮಗ ಹಿಂದೆ ಕೂತಿರುವಾಗ ಇನ್ನು ಹೇಗಪ್ಪ ಹೋಗಲಿ?"

ಮೆರುಗಿನಕ್ಕ ನಗುತ್ತಿದ್ದಳು. ಗೇಟು ಮಾವ ಗೊರಕೆ ಹೊಡೆಯುತ್ತಿದ್ದ. ಅಚ್ಚಿನಣ್ಣನ ಅಂಗೈ ಬೆವರಿ ಸ್ಟೀರಿಂಗು ಜಾರುತ್ತಿತ್ತು. ಕಾರ್ಖಾನೆ ಬಂದು ಇಳಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ನಸುಕು, ಕೆಂಪು ದೀಪಗಳು ಎಂದೂ ವಾಲದ ಜಾಗದಲ್ಲಿ ಬಲಕ್ಕೆ ವಾಲಿದವು. ಅಚ್ಚಿನಣ್ಣನೂ ವಾಲಿದ. ಮತ್ತೆ ಬಲಕ್ಕೆ. ರಸ್ತೆ ಗಡಗಡ ಎಂದಿತು. ಆಮೇಲೆ ದೀಪಗಳು ನಿಂತೇಬಿಟ್ಟವು. ಬ್ರೇಕು ಒತ್ತಿದಾಗ ಸುತ್ತ ಎತ್ತರದ ಗೋಡೆ, ಮುಂದೆ ಗೋಣಿಚೀಲಗಳ ರಾಶಿ, ಮೇಲೊಂದು ಬಿಳಿ ದೀಪ. ಅದು ಹಿಟ್ಟಿನ ಗೋದಾಮಿನ ಅಂಗಳ.

ವ್ಯಾನಿನವನು ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ಇಳಿದ. ಎಳೆಯ ಮುಖದ ಮನುಷ್ಯ, ಸಿಟ್ಟಿಗಿಂತ ಅಳು ಹೆಚ್ಚಿತ್ತು ಆ ಮುಖದಲ್ಲಿ.

"ಕೊನೆಗೂ ಸಿಕ್ಕಿದ್ರಿ! ನಾನು ನಿಂತ್ರೆ ನಿಲ್ತೀರ, ಹೊರಟ್ರೆ ಹೊರಡ್ತೀರ. ಯಜಮಾನ್ರು ನಿಮ್ಮನ್ನ ನನ್ನ ಹಿಂದೆ ಬಿಟ್ಟಿದ್ದಾರೆ ಅಂತ ನನಗೆ ಗೊತ್ತಿಲ್ವಾ? ಹೌದು, ದಿನಾ ಎರಡು ಬ್ರೆಡ್ಡು ನನ್ನ ತಂಗಿ ಮನೇಲಿ ಇಳಿಸ್ತೀನಿ. ಮುರಿದಿರೋದು ಮಾತ್ರ! ಹೋಗಿ ಹೇಳ್ಕೊಳ್ಳಿ!"

ಗೇಟು ಮಾವ ಎಚ್ಚೆತ್ತು, ಕಾರ್ಖಾನೆ ಬಂತೆಂದುಕೊಂಡು ಸೊಂಟದ ಬೀಗದ ಕೈ ತಡಕಿದ. ಭಾವಮೈದುನ, "ಭಾವ, ಇದೆಲ್ಲಿಗೆ ಬಂದ್ವಿ?" ಅಂದ.

ಅಚ್ಚಿನಣ್ಣ ಕೆಳಗಿಳಿದ. ಸುಳ್ಳು ಹೇಳಬಹುದಿತ್ತು, ಆದರೆ ತನ್ನಿಂದಾಗಿ ಇಷ್ಟು ದಿನ ನಿದ್ದೆಗೆಟ್ಟ ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ನಿನ್ನ ಬ್ರೆಡ್ಡು ನನಗೆ ಬೇಡ ತಮ್ಮ. ಕತ್ತಲಲ್ಲಿ ನನಗೆ ಕಣ್ಣು ಕಾಣಲ್ಲ. ನಿನ್ನ ದೀಪ ನೋಡ್ಕೊಂಡು ಓಡಿಸ್ತಿದ್ದೀನಿ. ಡಾಕ್ಟರು ಬೇಡ ಅಂದ ಮೇಲೂ ಓಡಿಸ್ತಿದ್ದೀನಿ."

ಹೇಳಿ ಮುಗಿಸಿ ಅವನು ಕಾರಿನ ಕಡೆ ತಿರುಗಿದ. ಇನ್ನು ಇವರು ಬೈಯುತ್ತಾರೆ, ಹೆಂಡತಿ ಮಕ್ಕಳಿರುವವರನ್ನು ಸಾಯಿಸಲು ಹೊರಟಿದ್ದೆಯಾ ಎಂದು ಕೊರಳಪಟ್ಟಿ ಹಿಡಿಯುತ್ತಾರೆ, ಇನ್ನೆಂದೂ ಈ ಕಾರು ಹತ್ತುವುದಿಲ್ಲ ಎನ್ನುತ್ತಾರೆ. ಅನ್ನಲಿ ಎಂದು ಕಾದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವನ ಹೆಗಲು ಹಗುರಾಗಿತ್ತು.

ಮೊದಲು ಮಾತಾಡಿದ್ದು ಗೇಟು ಮಾವ. "ಅಯ್ಯೋ ಪಾಪ, ಒಂದು ಮಾತು ಹೇಳಬಾರದಾ? ನಮ್ಮನ್ನ ಹೊರಗಿನವರು ಅಂದ್ಕೊಂಡ್ಯಾ?" ಎಂದು ಅವನ ಬೆನ್ನು ಸವರಿದ. ಅಷ್ಟರಲ್ಲಿ ಭಾವಮೈದುನ ವ್ಯಾನಿನವನ ಹೆಗಲ ಮೇಲೆ ಕೈ ಹಾಕಿ ಆಗಿತ್ತು. "ನಿನ್ನ ತಂಗಿ ವಿಷಯ ನಮ್ಮ ಹೊಟ್ಟೇಲೇ ಇರುತ್ತೆ. ನೀನೊಂದಿಷ್ಟು ನಿಧಾನವಾಗಿ ಹೋಗು, ತಿರುವಿನಲ್ಲಿ ಎರಡು ಸಲ ದೀಪ ಮಿಟುಕಿಸು. ಆಯ್ತಾ?"

ವ್ಯಾನಿನವನು ಸಲಾಕೆ ಒಳಗೆಸೆದು, ಕಣ್ಣೊರೆಸಿಕೊಂಡು, "ಅದಕ್ಕೇನಂತೆ, ನಮ್ಮಪ್ಪನ ವಯಸ್ಸಿನವರು. ದಿನಾ ನಿಮ್ಮ ಬಾಗಿಲಲ್ಲೇ ನಿಂತು ಕರ್ಕೊಂಡು ಹೋಗ್ತೀನಿ" ಎಂದ. ವ್ಯಾನಿನಲ್ಲೇ ಕೂರಿಸಿಕೊಂಡು ಹೋಗುವೆಯಾ ಎಂದು ಮೆರುಗಿನಕ್ಕ ಕೇಳಿದಳು. ಮನುಷ್ಯರನ್ನು ಹತ್ತಿಸಿದರೆ ಯಜಮಾನರು ಅವತ್ತೇ ಕೆಲಸದಿಂದ ತೆಗೆಯುತ್ತಾರಂತೆ.

"ನಾನಿನ್ನು ಓಡಿಸೋದು ಬೇಡ ಅಂತ..." ಎಂದು ಅಚ್ಚಿನಣ್ಣ ಶುರುಮಾಡಿದ.

"ಸುಮ್ನಿರು ಭಾವ. ಎಲ್ಲ ಸರಿಹೋಯ್ತಲ್ಲ!"

ಎಲ್ಲರೂ ಅಷ್ಟು ಖುಷಿಯಲ್ಲಿದ್ದರು. ವ್ಯಾನಿನವನು ನಾಲ್ವರಿಗೂ ಒಂದೊಂದು ಮುರಿದ ಬ್ರೆಡ್ಡು ಕೊಟ್ಟ. ಅಚ್ಚಿನಣ್ಣ ತನ್ನ ಪಾಲಿನದನ್ನು ಕೈಯಲ್ಲಿ ಹಿಡಿದು ಗೋದಾಮಿನ ಗೋಡೆ ನೋಡುತ್ತ ನಿಂತ. ಬಚ್ಚಿಟ್ಟದ್ದನ್ನು ಬಾಯಿಬಿಟ್ಟರೆ ಬಿಡುಗಡೆ ಎಂದು ನಂಬಿದ್ದ. ಬಾಯಿಬಿಟ್ಟದ್ದೂ ಆಯಿತು, ಸ್ಟೀರಿಂಗು ಅಲ್ಲೇ ಇತ್ತು.

ಅಂದಿನಿಂದ ವ್ಯಾನು ಮನೆ ಬಾಗಿಲಿಗೆ ಬಂದು ಹಾರ್ನು ಹಾಕತೊಡಗಿತು. ಹೆಂಡತಿಗೂ ವಿಷಯ ಗೊತ್ತಾಯಿತು. ಒಂದು ದಿನ ಅತ್ತಳು, ಮರುದಿನ, "ನನ್ನ ತಮ್ಮನಿಗೆ ಬೇರೆ ದಾರಿಯಾದ್ರೂ ಎಲ್ಲಿದೆ? ಜೋಪಾನವಾಗಿ ಓಡಿಸಿ" ಎಂದಳು. ಮೊದಲಾದರೆ ಹುಷಾರಿಲ್ಲವೆಂದು ಒಂದು ದಿನವಾದರೂ ತಪ್ಪಿಸಿಕೊಳ್ಳಬಹುದಿತ್ತು. ಈಗ ಇವನಿಗಾಗಿ ಒಬ್ಬ ಪುಣ್ಯಾತ್ಮ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿರುವಾಗ ಹಾಸಿಗೆಯಲ್ಲಿ ಹೊರಳುವುದಾದರೂ ಹೇಗೆ?

ಒಂದು ನಸುಕು ಗುಡ್ಡ ಹತ್ತುವಾಗ ಮೆರುಗಿನಕ್ಕ ಹಿಂದಿನಿಂದ, "ಅಣ್ಣಾ, ಸೈಕಲ್ಲು!" ಎಂದು ಚೀರಿದಳು. ಅಚ್ಚಿನಣ್ಣನಿಗೆ ಕಂಡದ್ದು ಎರಡು ಕೆಂಪು ಚುಕ್ಕೆ, ಅವೆರಡೇ. ಚೀರಿದ ಸದ್ದಿಗೇ ಸ್ಟೀರಿಂಗು ಎಳೆದ. ಕಾರಿನ ಎಡಮೈಯುದ್ದಕ್ಕೂ ಏನೋ ಪರಪರ ಕೆರೆದುಕೊಂಡು ಹೋಯಿತು. ಇಳಿದು ಓಡಿದರೆ, ದೀಪವಿಲ್ಲದ ಸೈಕಲ್ಲೊಂದು ಬಂಡೆಗೆ ಒರಗಿತ್ತು. ಅದರ ಮುದುಕ ಹುಲ್ಲಿನ ಮೇಲೆ ಕೂತು, "ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀಯೇನೋ!" ಎಂದು ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದ. ತರಚುಗಾಯ ಸಹ ಇರಲಿಲ್ಲ. ಅಚ್ಚಿನಣ್ಣ ಕತ್ತಲಲ್ಲಿ ಅವನ ಮೊಣಕಾಲು, ಮೊಣಕೈ, ತಲೆಗಳನ್ನೆಲ್ಲ ಹೆಬ್ಬೆರಳಿನಿಂದ ಸವರಿ ಸವರಿ ನೋಡಿದ.

"ಏನೂ ಆಗ್ಲಿಲ್ವಲ್ಲ, ಬಾ ಭಾವ. ಸ್ವಲ್ಪ ಬಣ್ಣ ಹೋಗಿದೆ ಅಷ್ಟೇ" ಎಂದ ಭಾವಮೈದುನ.

"ದೇವರು ದೊಡ್ಡವನು. ಹೊತ್ತಾಗುತ್ತೆ, ಗೇಟು ತೆಗೀಬೇಕು" ಎಂದ ಗೇಟು ಮಾವ.

ಆ ದಿನ ಅಚ್ಚಿನಣ್ಣ ಮಾಡಿದ ಅಚ್ಚುಗಳೆಲ್ಲ ಬಿರುಕು ಬಿಟ್ಟವು.

ಮರುದಿನ ನಸುಕಿಗೆ ಮೂವರೂ ಬಂದು ಕೂತರು. ವ್ಯಾನು ಹಾರ್ನು ಹಾಕಿತು. ಅಚ್ಚಿನಣ್ಣ ಕಾರಿನ ಹೊರಗೇ ನಿಂತು ಕಿಟಕಿಯೊಳಕ್ಕೆ ಕೀಲಿಕೈ ಚಾಚಿದ. "ಬೆಳಕಾಗೋ ತನಕ ನಾನು ಓಡಿಸಲ್ಲ. ಈಗಲೇ ಹೋಗಬೇಕು ಅನ್ನೋರು ಓಡಿಸಿ."

ಗೇಟು ಮಾವ ಕೆಂಡ ಮುಟ್ಟಿದವನ ಹಾಗೆ ಕೀಲಿಕೈಯನ್ನು ಹಿಂದಕ್ಕೆ ದಾಟಿಸಿದ. ಭಾವಮೈದುನನಿಗೆ ದರ್ಜಿಯ ಗೋಡೆ ಕಣ್ಮುಂದೆ ಬಂದಿರಬೇಕು, ಅವನು ಮೆರುಗಿನಕ್ಕನ ಮಡಿಲಿಗೆ ಹಾಕಿದ. ಮೆರುಗಿನಕ್ಕ ಮಾತ್ರ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಾನು ಈ ಸೀಟಿಗೆ ಬಂದ ಹೊಸದರಲ್ಲಿ ಕೇಳಿದ್ದೆ, ನೆನಪಿದೆಯಾ ಅಣ್ಣ? ನನಗೂ ಓಡಿಸೋಕೆ ಕಲಿಸು ಅಂತ. ಗೇರು ಹಾಳಾಗುತ್ತೆ ಅಂದೆ ನೀನು. ಅವತ್ತು ಕಲಿಸಿದ್ದಿದ್ರೆ ಇವತ್ತು ನಾನು ಓಡಿಸ್ತಿದ್ದೆ, ನೀನು ಇಲ್ಲಿ ಕೂತು ನಿದ್ದೆ ಮಾಡ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ಬೈಯಲಿಲ್ಲ. ಯಾರೂ ಕಟ್ಟಿಹಾಕದ ಹಗ್ಗವನ್ನು ತಾನೇ ಹೊಸೆದು ತಾನೇ ಸುತ್ತಿಕೊಂಡಿದ್ದೆನಲ್ಲ ಎಂದು ಅಚ್ಚಿನಣ್ಣನ ಮುಖ ಬಿಸಿಯಾಯಿತು.

"ಈ ಭಾನುವಾರದಿಂದ ಕಲಿಸ್ತೀನಿ" ಎಂದ ಕೊನೆಗೆ.

"ಕಲಿತು, ಲೈಸೆನ್ಸು ಬಂದು, ಈ ಗುಡ್ಡದಲ್ಲಿ ಓಡಿಸೋ ಧೈರ್ಯ ಬರೋ ತನಕ ಏನು ಮಾಡೋದು?" ಎಂದಳು ಅವಳು.

ವ್ಯಾನಿನವನು ಇನ್ನೆರಡು ಸಲ ಹಾರ್ನು ಹಾಕಿ, ಇಳಿದು ಬಂದು ವಿಷಯ ಕೇಳಿ, ತಲೆ ಕೆರೆದುಕೊಂಡು ಹೊರಟುಹೋದ. ಕೆಂಪು ದೀಪಗಳು ಬೀದಿಯ ತಿರುವಿನಲ್ಲಿ ಮರೆಯಾದವು. ಬೆಳಕು ಹರಿದ ಮೇಲೆ ಅಚ್ಚಿನಣ್ಣ ಹೊರಟ. ಬಂಡೆ, ಪ್ರಪಾತ, ಕಲ್ಲು, ಹುಲ್ಲು ಎಲ್ಲ ಅಂಗೈ ಗೆರೆಯಷ್ಟು ಸ್ಪಷ್ಟವಾಗಿದ್ದವು. ಕಾರ್ಖಾನೆ ತಲುಪಿದರೆ ಗೇಟಿನ ಹೊರಗೆ ಇಡೀ ಪಾಳಿಯ ಜನ ನಿಂತಿದ್ದಾರೆ, ಮ್ಯಾನೇಜರೂ ನಿಂತಿದ್ದಾರೆ. ಬೀಗದ ಕೈ ಇವರ ಕಾರಿನಲ್ಲಿತ್ತು. ಆ ದಿನವೇ ಬೀಗದ ಕೈ ಇನ್ನೊಬ್ಬನ ಸೊಂಟಕ್ಕೆ ಹೋಯಿತು, ಗೇಟು ಮಾವನ ಕೈಗೆ ಪೊರಕೆ ಬಂತು. ಉಳಿದವರಿಗೆ ಅರ್ಧ ಪಾಳಿಯ ಕೂಲಿ. ನಸುಕಿನ ಮೊದಲ ಕುಲುಮೆಗೆ ಮೆರುಗು ಹಚ್ಚುವ ಮೆರುಗಿನಕ್ಕನ ಕೆಲಸ ಬೇರೆಯವಳಿಗೆ ಸಿಕ್ಕಿತು.

ಇನ್ನು ಇವರಾಗಿಯೇ ಬಿಟ್ಟುಹೋಗುತ್ತಾರೆ ಎಂದುಕೊಂಡ ಅಚ್ಚಿನಣ್ಣ. ಬೆಳಕಾದ ಮೇಲೆ ಸರ್ಕಾರಿ ಬಸ್ಸಿಗೂ ಇವನ ಕಾರಿಗೂ ಹೆಚ್ಚು ವ್ಯತ್ಯಾಸವೇನಿದೆ? ತಾನೂ ಕಾರು ಮಾರಿ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಬಹುದು. ಈ ಯೋಚನೆಯಲ್ಲಿ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಎಚ್ಚರವಾದದ್ದು ಕಾರಿನ ಬಾಗಿಲು ದಡ್ ಎಂದ ಸದ್ದಿಗೆ. ಹೊರಗೆ ಕಗ್ಗತ್ತಲು. ಮತ್ತೊಂದು ಬಾಗಿಲು ದಡ್ ಎಂದಿತು. ಅವನು ಹೆಂಡತಿಯನ್ನು ಎಬ್ಬಿಸಿ ಕೇಳಿದ.

"ಅವರೇ ಇರಬೇಕು. ನಿಮ್ಮನ್ನ ಬಿಟ್ಟು ಬಸ್ಸಿಗೆ ಹೋಗೋದಾ ಅಂತ ನನ್ನ ತಮ್ಮ ನಿನ್ನೆ ಕಣ್ಣಲ್ಲಿ ನೀರು ಹಾಕ್ಕೊಂಡ" ಎಂದು ಅವಳು ಮಗ್ಗುಲಾದಳು.

ಅಚ್ಚಿನಣ್ಣ ಗೋಡೆ ಹಿಡಿದು, ಮೆಟ್ಟಿಲು ತಡಕಿ, ಹೊರಗೆ ಬಂದ. ಮೂವರೂ ಅವರವರ ಸೀಟಿನಲ್ಲಿದ್ದರು. ಹೊದಿಕೆ ತಂದಿದ್ದರು, ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಬೆಳಕಾದಾಗ ಬಂದರೆ ಸಾಲದೇ ಎಂದು ಕೇಳಿದ.

"ಎಚ್ಚರ ಆಗೇ ಆಗುತ್ತಲ್ಲ. ಮನೇಲಿ ಕೂತು ಏನು ಮಾಡ್ಲಿ?" ಎಂದ ಗೇಟು ಮಾವ. "ಬಾ, ಒಳಗೆ ಕೂರು. ಹೊರಗೆ ಚಳಿ. ನೀನು ಏನೂ ಬೇಜಾರು ಮಾಡ್ಕೋಬೇಡ. ಪೊರಕೆ ಏನು ಭಾರ ಇರುತ್ತಾ?"

ಅವನು ಸ್ಟೀರಿಂಗಿನ ಮುಂದೆ ಕೂತ. ಮೆರುಗಿನಕ್ಕ ಚಹಾ ಬಗ್ಗಿಸಿ ಕೊಟ್ಟಳು. ಗಾಜಿಗೆ ನಾಲ್ವರ ಉಸಿರು ಕಟ್ಟಿ ಮಬ್ಬಾಯಿತು, ಭಾವಮೈದುನ ಬಗ್ಗಿ ಅದನ್ನು ತೋಳಿನಿಂದ ಒರೆಸಿದ.

"ಈಗ ಕಾಣ್ತಾ ಭಾವ?"

"ಇಲ್ಲ."

ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

"ಎದುರುಮನೆ ಕಿಟಕಿ ಕಾಣುತ್ತಲ್ಲ ಅಣ್ಣ? ನನಗೆ ಕಾಣ್ತಿದೆ" ಎಂದಳು ಮೆರುಗಿನಕ್ಕ ಮೆಲ್ಲಗೆ.

ಅಚ್ಚಿನಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಕಪ್ಪಿನ ಮೇಲೆ ಕಪ್ಪು, ಅಷ್ಟೇ. ಮೂರೂ ಜನ ಅವನ ಒಂದು ಮಾತಿಗೆ ಕಾಯುತ್ತಿದ್ದರು. ಹೌದು ಎಂದುಬಿಟ್ಟರೆ ಎಲ್ಲರಿಗೂ ಎಷ್ಟು ಸುಖ! ಬಾಯಿಗೆ ಬಂದೂಬಿಟ್ಟಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಅವುಗಳ ಮೇಲೆ ಕೂತುಕೊಂಡ.

"ಇಲ್ಲ. ಇನ್ನೂ ಇಲ್ಲ" ಎಂದ.

ಗೇಟು ಮಾವ ಹೊದಿಕೆಯ ಒಂದು ತುದಿಯನ್ನು ಅವನ ಮಂಡಿಯ ಮೇಲೂ ಎಳೆದು ಹಾಕಿದ.